ಮರಣ ಪ್ರಮಾಣಪತ್ರ

ಮರಣ ಪ್ರಮಾಣಪತ್ರವೆಂದರೆ ವ್ಯಕ್ತಿಯೊಬ್ಬನ ಸಾವಿನ ದಿನಾಂಕ ಮತ್ತು ಸ್ಥಳವನ್ನು ದೃಢೀಕರಿಸಿ, 1969ರ ಜನನ ಮತ್ತು ಮರಣ ನೋಂದಣಿ ಅಧಿನಿಯಮದ ಅನ್ವಯ ನೋಂದಣಾಧಿಕಾರಿಯು ನೀಡುವ ದಾಖಲೆ. ಮೃತರ ಊರು ಯಾವುದೇ ಇರಲಿ, ಸಾವು ಸಂಭವಿಸಿದ ಸ್ಥಳದ ಕಚೇರಿಯಲ್ಲೇ ನೋಂದಣಿ ನಡೆಯಬೇಕಾದುದರಿಂದ, ಹಳ್ಳಿಯವರೊಬ್ಬರು ನಗರದ ಆಸ್ಪತ್ರೆಯಲ್ಲಿ ತೀರಿಕೊಂಡರೆ ಪತ್ರವನ್ನು ಆ ನಗರದ ನೋಂದಣಾಧಿಕಾರಿಯಿಂದಲೇ ಪಡೆಯಬೇಕಾಗುತ್ತದೆ. ಅನೇಕ ಕುಟುಂಬಗಳ ಅಲೆದಾಟಕ್ಕೆ ಈ ನಿಯಮದ ಅರಿವಿಲ್ಲದಿರುವುದೇ ಕಾರಣ. ಮನೆಯಲ್ಲಿ ಸಾವಾದಾಗ ಕುಟುಂಬದ ಯಜಮಾನರೂ ಆಸ್ಪತ್ರೆಯಲ್ಲಾದಾಗ ಅಲ್ಲಿನ ಪ್ರಭಾರ ವೈದ್ಯಾಧಿಕಾರಿಯೂ 21 ದಿನಗಳೊಳಗೆ ಮಾಹಿತಿ ನೀಡಬೇಕು.

ಈ ಅವಧಿ ಮೀರಿದರೂ ಸಾವಿನಿಂದ 30 ದಿನಗಳೊಳಗಾದರೆ ವಿಳಂಬ ಶುಲ್ಕ ಸಾಕು. ಅನಂತರ ಒಂದು ವರ್ಷದೊಳಗಾದರೆ ನಿಗದಿತ ಅಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ಕಳೆದ ಪ್ರಕರಣಗಳಿಗೆ ಹಿಂದೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ಆದೇಶ ಅಗತ್ಯವಿತ್ತು. 2023ರ ತಿದ್ದುಪಡಿಯು ಈ ಅಧಿಕಾರವನ್ನು ಜಿಲ್ಲಾ ಅಥವಾ ಉಪವಿಭಾಗೀಯ ದಂಡಾಧಿಕಾರಿ ಮೊದಲಾದವರಿಗೆ ವರ್ಗಾಯಿಸಿತು. ಮೃತರ ಖಾಸಗಿತನವನ್ನು ಕಾಪಾಡುವಂತೆ, ಸಾವಿನ ಕಾರಣವನ್ನು ಪತ್ರದಲ್ಲಿ ಕಾಣಿಸಬಾರದೆಂಬ ವಿವೇಕಯುತ ನಿರ್ಬಂಧವೂ ಈ ಕಾನೂನಿನಲ್ಲಿದೆ.

ಕರ್ನಾಟಕದಲ್ಲಿ ಇ-ಜನ್ಮ ತಂತ್ರಾಂಶದ ಮೂಲಕ ವಿತರಣೆಯಾಗುವ ಈ ಪತ್ರವಿಲ್ಲದೆ, ಮೃತರ ಜಮೀನನ್ನು ವಾರಸುದಾರರ ಹೆಸರಿಗೆ ವರ್ಗಾಯಿಸುವ ಪೌತಿ ಖಾತೆಯಾಗಲಿ, ವಿಧವಾ ವೇತನವಾಗಲಿ, ವಿಮಾ ಪರಿಹಾರವಾಗಲಿ ಸುಲಭವಾಗಿ ದೊರೆಯುವುದಿಲ್ಲ.