ಪ್ರಸ್ಥ: ಅಳತೆಯೋ, ತೂಕವೋ?

ಪಾಕ, ವೈದ್ಯ, ಗಣಿತಗಳ ಹಸ್ತಪ್ರತಿಗಳನ್ನು ಸಂಪಾದಿಸುವವರು ಕುಡವ, ಪ್ರಸ್ಥ, ಆಢಕಗಳಿಗೆ ಅಡಿಟಿಪ್ಪಣಿಯಲ್ಲಿ ‘ಇಷ್ಟು ಗ್ರಾಂ’ ಎಂದು ಬರೆದು ಮುಂದೆ ಸಾಗುವುದುಂಟು. ಅಕ್ಕಿಗೂ ತುಪ್ಪಕ್ಕೂ ಅದೇ ಅಂಕಿ. ಈ ರೂಢಿಯನ್ನು ಒಪ್ಪಲಾಗದು. ಒಪ್ಪದಿರಲು ಬೇಕಾದ ಆಧಾರಗಳು ಜೈನಗ್ರಂಥಗಳಲ್ಲಿಯೇ ಇವೆ.

ಅಕಲಂಕದೇವರು ತತ್ತ್ವಾರ್ಥರಾಜವಾರ್ತಿಕದಲ್ಲಿ ಲೌಕಿಕ ಪ್ರಮಾಣಗಳನ್ನು ವಿಂಗಡಿಸುತ್ತ, ಪಾತ್ರೆಯಿಂದ ಅಳೆಯುವುದನ್ನು ಮಾನವೆಂದೂ ಎತ್ತಿ ತೂಗುವುದನ್ನು ಉನ್ಮಾನವೆಂದೂ ಬೇರ್ಪಡಿಸಿದ್ದಾರೆ. ಮಾನದಲ್ಲಿ ಮತ್ತೆ ಎರಡು ಬಗೆ: ತುಪ್ಪ ಮೊದಲಾದವುಗಳಿಗೆ ಷೋಡಶಿಕಾದಿ ರಸಮಾನ, ಧಾನ್ಯಕ್ಕೆ ಕುಡವಾದಿ ಬೀಜಮಾನ. (ಕನ್ನಡ ಶಾಸನಗಳಲ್ಲಿ ಎಣ್ಣೆಯನ್ನು ಅಳೆಯುವ ‘ಸೊಲ್ಲಗೆ’ ಈ ಷೋಡಶಿಕೆಯ ಪ್ರಾಕೃತ ರೂಪದಿಂದಲೇ ಬಂದುದೆಂದು ನನಗೆ ತೋರುತ್ತದೆ.)

ಈ ಭೇದಕ್ಕೆ ಕಾರಣವನ್ನು ಶ್ವೇತಾಂಬರಾಗಮವಾದ ಅನುಯೋಗದ್ವಾರಸೂತ್ರದಿಂದ ತಿಳಿಯಬಹುದು. ರಸಮಾನವು ಧಾನ್ಯಮಾನಕ್ಕಿಂತ ಕಾಲುಭಾಗ ಹೆಚ್ಚಿನದು, ಅದರ ಶಿಖೆ ಒಳಗೇ ಇರುವುದು ಎಂದು ಅಲ್ಲಿ ಹೇಳಿದೆ. ಧಾನ್ಯವನ್ನು ಅಳೆಯುವಾಗ ಪಾತ್ರೆಯ ಅಂಚಿನ ಮೇಲೆ ಗೋಪುರದಂತೆ ಏರುವ ರಾಶಿಯೇ ಶಿಖೆ. ಕರಗಿದ ತುಪ್ಪಕ್ಕೆ ಶಿಖೆ ನಿಲ್ಲದು; ಆದುದರಿಂದ ಆ ಕಾಲುಭಾಗವನ್ನು ಒಳಗೊಳ್ಳುವಂತೆ ಪಾತ್ರೆಯನ್ನೇ ಹಿಗ್ಗಿಸಬೇಕಾಯಿತು. ಪಾವು ಹಿಡಿದು ಅಕ್ಕಿ ಅಳೆದ ಗೃಹಿಣಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೈಸೂರಿನಲ್ಲಿ ದೊರೆತು 1909ರಲ್ಲಿ ಆರ್. ಶಾಮಶಾಸ್ತ್ರಿಗಳಿಂದ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರವೂ ಕಾಲುಭಾಗದ ಶಿಖೆಯನ್ನೇ ವಿಧಿಸಿ, ರಸಕ್ಕೆ ಅಂತಃಶಿಖೆಯನ್ನು ಹೇಳುತ್ತದೆ. ಅನುಯೋಗದ್ವಾರದಲ್ಲಿ ರಸದ ‘ಮಾಣಿ’ 256 ಪಲ, ಅದರ ಅರುವತ್ತನಾಲ್ಕನೆಯ ಭಾಗ 4 ಪಲ. ಎಂದರೆ ದ್ರವದ ಪಾತ್ರೆಯ ಗಾತ್ರವನ್ನು ತೂಕದಿಂದ ಗೊತ್ತುಪಡಿಸಿದ್ದರು.

ಇನ್ನು ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹ. ಇದರ ಧಾನ್ಯಪರಿಭಾಷೆಯಲ್ಲಿ 4 ಕುಡವ ಒಂದು ಪ್ರಸ್ಥ, 4 ಪ್ರಸ್ಥ ಒಂದು ಆಢಕ, 4 ಆಢಕ ಒಂದು ದ್ರೋಣ. ಆದರೆ ಲೋಹಪರಿಭಾಷೆಯಲ್ಲಿಯೂ ಪ್ರಸ್ಥ ಕಾಣಿಸಿಕೊಳ್ಳುತ್ತದೆ: 12½ ಪಲ ಒಂದು ಪ್ರಸ್ಥ, 200 ಪಲ ಒಂದು ತುಲೆ. ಲೋಹವನ್ನು ಯಾರೂ ಬಳ್ಳದಲ್ಲಿ ಅಳೆಯುವುದಿಲ್ಲ. ಲಿಪಿಕಾರನ ಪ್ರಮಾದವೆಂದು ಭಾವಿಸಿ ಪಾಠವನ್ನು ತಿದ್ದುವ ಆಸೆ ಇಲ್ಲಿ ಹುಟ್ಟುವುದು ಸಹಜ. ತಿದ್ದಬಾರದು. ಧಾನ್ಯದ ದ್ರೋಣಕ್ಕೆ 16 ಪ್ರಸ್ಥ. 12½ನ್ನು 16ರಿಂದ ಗುಣಿಸಿದರೆ ಸರಿಯಾಗಿ 200, ಅದೇ ತುಲೆ. ಅರ್ಥಶಾಸ್ತ್ರದಲ್ಲಿ ರಾಜಾದಾಯದ ದ್ರೋಣವೂ 200 ಪಲ ಉದ್ದಿನಷ್ಟೇ. ಧಾನ್ಯದ ಪಾತ್ರೆ ತಕ್ಕಡಿಗೆ ಏರಿ, ಹೆಸರನ್ನು ಅಲ್ಲಿಯೂ ಉಳಿಸಿಕೊಂಡಿತೆಂದೇ ಇದರಿಂದ ತಿಳಿಯಬೇಕು.

ವೈದ್ಯರ ಲೆಕ್ಕ ಇನ್ನೊಂದು. ಅವರಿಗೆ ಪ್ರಸ್ಥ 16 ಪಲ. ಕುಡವದಿಂದ ಮೇಲಕ್ಕೆ ದ್ರವಕ್ಕೆ ಇಮ್ಮಡಿ. ಹೀಗಾಗಿ ‘ಪ್ರಸ್ಥ ತುಪ್ಪ’ ಎಂಬ ಎರಡೇ ಪದಗಳು ವೈದ್ಯಗ್ರಂಥದಲ್ಲಿ 32 ಪಲವಾದರೆ, ಮಹಾವೀರರ ಲೋಹಪ್ರಸ್ಥದಿಂದ ಎಣಿಸುವವನಿಗೆ 12½ ಪಲ ಮಾತ್ರ. ಎರಡೂವರೆ ಪಟ್ಟಿಗೂ ಮೀರಿದ ಈ ಅಂತರವು ಅಡುಗೆಯನ್ನು ಕೆಡಿಸೀತು, ಔಷಧವನ್ನಂತೂ ಕೆಡಿಸಿಯೇ ಬಿಡುತ್ತದೆ.

ಗ್ರಾಂ ಕೊಡಲೇಬೇಕೆನ್ನುವ ಸಂಪಾದಕರು ಯಾವ ಶಾಸ್ತ್ರದ ಪ್ರಸ್ಥ, ಯಾವ ದ್ರವ್ಯ, ಶಿಖೆ ಒಳಗೋ ಹೊರಗೋ ಎಂಬುದನ್ನು ಅದರೊಡನೆಯೇ ನಮೂದಿಸಲಿ. ಒಂದೇ ಅರ್ಥಶಾಸ್ತ್ರದಲ್ಲಿ ದ್ರೋಣವು ರಾಜಾದಾಯಕ್ಕೆ 200 ಪಲ, ವ್ಯವಹಾರಕ್ಕೆ 187½, ಪಡಿ ಕೊಡುವುದಕ್ಕೆ 175, ಅಂತಃಪುರದ ಪಡಿಗೆ 162½.