ಕನ್ನಡ ತಂತ್ರಾಂಶಗಳ ಪೈಪೋಟಿ ಮತ್ತು ಸಂಚಿನ ಆರೋಪಗಳು

ಕಂಪ್ಯೂಟರಿಗೆ ಕನ್ನಡ ಕಲಿಸುವ ಪ್ರಯತ್ನಗಳು 1980ರ ದಶಕದಲ್ಲೇ ಫಲ ಕೊಡತೊಡಗಿದವು. ಕೆ.ಪಿ. ರಾವ್ ಅವರು ‘ಸೇಡಿಯಾಪು’ ತಂತ್ರಾಂಶವನ್ನೂ ಉಚ್ಚಾರಣೆಗೆ ಹೊಂದುವ ಕೀಲಿಮಣೆ ವಿನ್ಯಾಸವನ್ನೂ ರೂಪಿಸಿದರು. ಭಾರತೀಯ ಲಿಪಿಗಳಿಗಾಗಿ ರೂಪುಗೊಂಡ ಇಸ್ಕಿ ಸಂಕೇತ 1991ರಲ್ಲಿ ರಾಷ್ಟ್ರೀಯ ಶಿಷ್ಟತೆಯಾಯಿತು. ಮಾರುಕಟ್ಟೆಯಲ್ಲಿ ಆಕೃತಿ, ಶ್ರೀಲಿಪಿ, ಪ್ರಕಾಶಕ್ ತಂತ್ರಾಂಶಗಳಿದ್ದವು. ಒಂದರಲ್ಲಿ ಬೆರಳಚ್ಚಿಸಿದ್ದು ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ.

1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಉಚಿತವಾಗಿ ಸಿಕ್ಕಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರದ ಬೆಂಬಲದೊಂದಿಗೆ ಕಚೇರಿಗಳಿಗೆ ಬಂತು. ತಾಂತ್ರಿಕ ಆಯ್ಕೆ ರಾಜಕೀಯ ವಿಷಯವಾದದ್ದು ಇಲ್ಲಿಂದ. ಒಂದೇ ಸಂಸ್ಥೆಗೆ ಸರ್ಕಾರ ಮಣೆ ಹಾಕಿತು, ನುಡಿ ಬರಹದ ನಕಲು ಎಂಬ ಆರೋಪಗಳು ಎದ್ದವು. ಎರಡರ ಅಕ್ಷರಭಾಗಗಳ ಸಂಕೇತ ಜೋಡಣೆ ಹೊಂದುವುದು ನಿಜ. ಆದರೆ ಆ ಹೋಲಿಕೆಯೊಂದೇ ನಕಲಿಗೆ ಪುರಾವೆಯಾಗದು. ಒಂದೇ ಶಿಷ್ಟತೆಯನ್ನು ಪಾಲಿಸಿದರೂ ಹೋಲಿಕೆ ಬರುತ್ತದೆ. ಮೂಲ ಸಂಕೇತ (ಸೋರ್ಸ್ ಕೋಡ್) ಎಲ್ಲರೆದುರು ತೆರೆದಿದ್ದರೆ ಯಾರು ಬೇಕಾದರೂ ತಾಳೆ ನೋಡಬಹುದಿತ್ತು.

ಪೂರ್ಣಚಂದ್ರ ತೇಜಸ್ವಿ ಅವರು ಕನ್ನಡ ತಂತ್ರಾಂಶದ ಸ್ಥಿತಿಯನ್ನು ಕಟುವಾಗಿ ಪ್ರಶ್ನಿಸಿದರು. ಅವರ ಒತ್ತಾಸೆಯಿಂದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ‘ಕುವೆಂಪು’ ತಂತ್ರಾಂಶವನ್ನು ಹೊರತಂದಿತು. ಆಪಾದನೆಯ ಜೊತೆಗೆ ಪರ್ಯಾಯವನ್ನೂ ಕಟ್ಟಿದ್ದು ಆ ಹೋರಾಟದ ಹಿರಿಮೆ.

ತಂತ್ರಾಂಶ ಜಗತ್ತಿನಲ್ಲಿ ಸಂಚಿನ ಅನುಮಾನಗಳೆಲ್ಲ ಬುಡವಿಲ್ಲದವೇನಲ್ಲ. ಮುಕ್ತ ತಂತ್ರಾಂಶವನ್ನು ಎದುರಿಸುವ ಬಗೆಯನ್ನು ಚರ್ಚಿಸಿದ ಮೈಕ್ರೋಸಾಫ್ಟಿನ ಆಂತರಿಕ ಟಿಪ್ಪಣಿಗಳು 1998ರಲ್ಲಿ ಸೋರಿಕೆಯಾದವು. ಆ ಕಂಪನಿಯ ಕಡತ ಮಾದರಿಯನ್ನು ಅಂತರರಾಷ್ಟ್ರೀಯ ಶಿಷ್ಟತೆಯಾಗಿಸುವ ವಿಚಾರದಲ್ಲಿ 2007ರಲ್ಲಿ ಸ್ವೀಡನ್ ಹಾಕಿದ್ದ ಮತ ಅಸಿಂಧುವಾಯಿತು. ಭಾರತ ಆ ಪ್ರಸ್ತಾವವನ್ನು ವಿರೋಧಿಸಿತು. ಇಲ್ಲೆಲ್ಲ ದಾಖಲೆಯಿತ್ತು, ದಾಖಲೆಯಿಲ್ಲದ ಕಡೆ ಉಳಿಯುವುದು ಬರೀ ಗುಮಾನಿ.

ಕನ್ನಡ ತಂತ್ರಾಂಶಗಳ ಜಗಳದ ತಾಂತ್ರಿಕ ಬೇರನ್ನು ಸಡಿಲಿಸಿದ್ದು ಯೂನಿಕೋಡ್. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ‘ಕಿ’ ಒಂದೇ ತುಂಡು, ‘ಕೀ’ ಬರೆಯಲು ಅದರ ಮುಂದೆ ದೀರ್ಘದ ತುಂಡು. ಹೀಗಾಗಿ ಬೆಂಗಳೂರಿನಲ್ಲಿ ಸಿದ್ಧವಾದ ಕಡತ ಇಂದಿನ ತೆಲಂಗಾಣದ ಐಜ, ಮಕ್ತಲ್, ನಾರಾಯಣಪೇಟೆಯಂಥ ಗಡಿಯೂರಿಗೆ ಬಂದಾಗ, ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗುತ್ತಿತ್ತು. ಯೂನಿಕೋಡಿನಲ್ಲಿ ‘ಕ’ ಅಕ್ಷರಕ್ಕೂ ಸ್ವರಚಿಹ್ನೆಗೂ ಜಗತ್ತಿನಾದ್ಯಂತ ಒಂದೊಂದೇ ಸಂಖ್ಯೆ. 2001ರ ವಿಂಡೋಸ್ ಎಕ್ಸ್‌ಪಿ ಕನ್ನಡ ಯೂನಿಕೋಡನ್ನು ಮನೆಮನೆಯ ಯಂತ್ರಕ್ಕೆ ತಂದಿತು. ಮುಂದೆ ನುಡಿ, ಬರಹಗಳೂ ಅದನ್ನು ಅಳವಡಿಸಿಕೊಂಡವು. ಯಾವ ತಂತ್ರಾಂಶದಲ್ಲಿ ಬರೆದರೂ ಕಡತ ಎಲ್ಲೆಡೆ ತೆರೆಯತೊಡಗಿತು.

ಮುಚ್ಚಿದ ಮೂಲ ಸಂಕೇತ, ಸ್ಪಷ್ಟ ಕಾರಣ ನೀಡದ ಸರ್ಕಾರಿ ಆಯ್ಕೆ—ಸಂಚಿನ ಮಾತು ಬೆಳೆಯುವುದು ಇವೆರಡರ ನಡುವೆ. ಸಾರ್ವಜನಿಕ ಹಣದಿಂದ ಸಿದ್ಧವಾಗುವ ಪ್ರತಿಯೊಂದು ಕನ್ನಡ ತಂತ್ರಾಂಶದ ಮೂಲ ಸಂಕೇತವೂ ಅದನ್ನು ಆರಿಸಿದ ಕಾರಣವೂ ಜನರ ಮುಂದಿರಬೇಕು.