ಹಡಗಿನ ಹೆಸರು, ಮನುಷ್ಯರ ಹೆಸರು



1914ರ ಕೊಮಗಾಟ ಮಾರು ಹಡಗಿನ ಕತೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಅದರಲ್ಲಿದ್ದ 376 ಜನರಲ್ಲಿ ಹೆಚ್ಚಿನವರು ಪಂಜಾಬಿನ ಸಿಖ್ಖರು. ಕೆನಡಾದ ವ್ಯಾಂಕೂವರ್‌ನಲ್ಲಿ ಎರಡು ತಿಂಗಳು ತಡೆದು ನಿಲ್ಲಿಸಿ ವಾಪಸ್ ಅಟ್ಟಿದರು. ಕಲ್ಕತ್ತೆ ಹತ್ತಿರದ ಬಜ್ ಬಜ್‌ನಲ್ಲಿ ಇಳಿದವರ ಮೇಲೆ ಬ್ರಿಟಿಷರು ಗುಂಡು ಹಾರಿಸಿದರು. ಬಾಡಿಗೆಗೆ ಹಿಡಿದ ಗುರ್ದಿತ್ ಸಿಂಗ್ ಹಡಗಿಗೆ ಗುರು ನಾನಕ್ ಜಹಾಜ್ ಅಂತ ಹೆಸರಿಟ್ಟಿದ್ದರು. ಉಳಿದದ್ದು ಮಾತ್ರ ಜಪಾನಿ ಹೆಸರು. ಇವತ್ತು ಬಜ್ ಬಜ್ ರೈಲು ನಿಲ್ದಾಣದ ಹೆಸರಲ್ಲೂ ಅದೇ ಇದೆ.

ಈ ಮಾರು ಅಂದರೇನು? ನಮ್ಮ ಹೂವಿನ ಮಾರು ಅಲ್ಲ. ಬರೆಯುವ ಅಕ್ಷರಕ್ಕೆ ದುಂಡು ಅಂತ ಅರ್ಥ. ಹಡಗಿಗೆ ಯಾಕೆ ಅನ್ನೋದರಲ್ಲಿ ಪಂಡಿತರಿಗೆ ಒಮ್ಮತ ಇಲ್ಲ. ಕೋಟೆಯ ಸುತ್ತುಗಳಿಗೂ ಮಾರು ಅಂತಾರೆ, ಹಡಗು ತೇಲುವ ಕೋಟೆ ಅನ್ನೋದು ಒಂದು ವಾದ. ನನಗೆ ಹಿಡಿಸಿದ್ದು ಇನ್ನೊಂದು. ಹಿಂದೆ ಗಂಡುಮಕ್ಕಳ ಎಳವೆಯ ಹೆಸರಿಗೆ, ಸಾಕಿದ ನಾಯಿಗೆ, ಇಷ್ಟದ ಕತ್ತಿಗೆ ಮಾರು ಸೇರಿಸಿ ಕರೆಯುತ್ತಿದ್ದರು. ಅಂದ್ರೆ ಮುದ್ದಿನ ಹೆಸರು.

ನೌಕಾಪಡೆಯದ್ದು ಬೇರೆ ಪದ್ಧತಿ. ಯಮಾಟೊ, ಮುಸಾಶಿ ಹಳೇ ಪ್ರಾಂತ್ಯಗಳು. ಕ್ರೂಸರ್‌ಗಳಿಗೆ ಬೆಟ್ಟ, ನದಿ. ಡೆಸ್ಟ್ರಾಯರ್‌ಗಳಿಗೆ ಮಳೆ ಗಾಳಿ: ಯುಕಿಕಾಜೆ ಅಂದರೆ ಹಿಮಗಾಳಿ. ಕೊಲ್ಲೋ ಹಡಗಿಗೆ ಎಂಥಾ ಹೆಸರು ನೋಡಿ! ವ್ಯಕ್ತಿಗಳ ಹೆಸರಿಡಲ್ಲ. ಅಂಟಾರ್ಕ್ಟಿಕಾಕ್ಕೆ ಹೋಗುವ ಶಿರಾಸೆ ಹಡಗು ಕೂಡ ಅನ್ವೇಷಕ ಶಿರಾಸೆಯ ಹೆಸರಿನದಲ್ಲವಂತೆ, ಅವನ ಹೆಸರಿರುವ ಹಿಮನದಿಯದಂತೆ. ಕಡತದ ಜಾಣತನ ಎಲ್ಲಾ ಕಡೆ ಒಂದೇ.

ಹಡಗಿಗೆ ಇಷ್ಟು ಮುದ್ದು ಮಾಡಿದ ಸಮಾಜ, ಸತ್ತ ದನ ಎತ್ತುವ, ತೊಗಲು ಹದ ಮಾಡುವ ತನ್ನದೇ ಜನಕ್ಕೆ ಕೊಟ್ಟ ಹೆಸರು 'ಎತ'. ಅದನ್ನು ಬರೆಯುತ್ತಿದ್ದ ಅಕ್ಷರಗಳ ಅರ್ಥ ಬಹಳ ಹೊಲಸು. ಇನ್ನೊಂದು ಗುಂಪು 'ಹಿನಿನ್', ಮನುಷ್ಯರಲ್ಲದವರು. 'ಹೊಲೆ' ಅಂದರೆ ಮೈಲಿಗೆ ಅಂತ ನಿಘಂಟಿನಲ್ಲಿ ಓದಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1871ರಲ್ಲಿ ಸರ್ಕಾರ ಆ ಹೆಸರುಗಳನ್ನು ರದ್ದು ಮಾಡಿತು. ಮರುವರ್ಷದ ಕುಟುಂಬ ರಿಜಿಸ್ಟರಿನಲ್ಲಿ ಹಲವೆಡೆ 'ಹೊಸ ಸಾಮಾನ್ಯರು' ಅಂತ ಬರೆದರು. 'ಹೊಸ' ಅನ್ನೋ ಒಂದೇ ಪದ ಸಾಕಾಯ್ತು, ಯಾರು ಏನು ಅಂತ ಗೊತ್ತಾಗೋಕೆ. ಒಂದು ಕಾಲಂ ಏನು ಮಾಡಬಲ್ಲದು ಅಂತ ಗುಮಾಸ್ತಿಕೆ ಮಾಡುವ ನನಗೆ ಗೊತ್ತು. ಆ ರಿಜಿಸ್ಟರನ್ನು ಯಾರೂ ತೆರೆದು ನೋಡದಂತೆ ಮುಚ್ಚಿದ್ದು 1968ರಲ್ಲಿ!

1922ರ ಮಾರ್ಚ್ 3ರಂದು ಕ್ಯೋಟೊದಲ್ಲಿ ಆ ಜನ ಸಂಘ ಕಟ್ಟಿದರು. ಎತ ಅಂತ ಹೆಮ್ಮೆಯಿಂದ ಹೇಳಿಕೊಳ್ಳುವ ಕಾಲ ಬಂದಿದೆ ಅಂತ ಘೋಷಣೆಯಲ್ಲೇ ಬರೆದರು. ಸಂಘಕ್ಕೆ ತಾವೇ ಇಟ್ಟುಕೊಂಡ ಹೆಸರು ಸುಯ್‌ಹೇಯ್‌ಶಾ. ಸುಯ್ ಅಂದರೆ ನೀರು, ಹೇಯ್ ಅಂದರೆ ಸಮ. ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದದ್ದು ಅದಾಗಿ ಐದು ವರ್ಷಕ್ಕೆ, 1927ರ ಮಾರ್ಚ್ 20ರಂದು.